ಹೆದ್ದಾರಿ ಬೋರ್ಡಿನಲ್ಲಿ 'ಕಾಣೆಯಾದ ಮೂಲನಿವಾಸಿ' ಅಲರ್ಟ್: ಇವರಿಗೆ ಬೇರೆಯದೇ ಯಾಕೆ?

ಮಳೆಹುಡುಗ (ಸಿಯಾಟಲ್ ಹತ್ತಿರ)

ಹೋದ ವಾರ ಮಗಳನ್ನು ಈಜು ಕ್ಲಾಸಿನಿಂದ ಕರಕೊಂಡು ಬರ್ತಾ ಇದ್ದೆ. ಐ-5 ಹೆದ್ದಾರಿ ಮೇಲೆ ಎಲೆಕ್ಟ್ರಾನಿಕ್ ಬೋರ್ಡುಗಳಿರ್ತಾವಲ್ಲ, ದಿನಾ 'ಮುಂದೆ ಅಪಘಾತ, ಬಲಗಡೆ ಲೇನ್ ಬಂದ್' ಅಂತ ತೋರಿಸುವಂಥವು, ಅದರಲ್ಲಿ ಅವತ್ತು ಒಂದು ಕಾರಿನ ಬಣ್ಣ, ನಂಬರು, ಮೇಲುಗಡೆ 'ಕಾಣೆಯಾದ ಮೂಲನಿವಾಸಿ' ಅಂತ ಇತ್ತು. ಮಗಳು ಹಿಂದಿನ ಸೀಟಿನಿಂದ ಓದಿ "ಅಪ್ಪ, ಇಂಡಿಜಿನಸ್ ಅಂದ್ರೆ ನಾವಾ?" ಅಂದಳು. "ಅಲ್ಲ ಪುಟ್ಟಿ, ನಾವು ಇಂಡಿಯನ್ಸ್" ಅಂದೆ. "ಅವರನ್ನೂ ಇಂಡಿಯನ್ಸ್ ಅಂತಾರಂತೆ, ಟೀಚರ್ ಹೇಳಿದ್ರು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೊಂದು ವರ್ಷದಿಂದ ಇದೇ ನೆಲದಲ್ಲಿದ್ದೇನೆ, ಊರಿನ ಹೆಸರೇ ಒಬ್ಬ ಮೂಲನಿವಾಸಿ ನಾಯಕನದ್ದು.

ಮನೆಗೆ ಬಂದು ಓದಿದೆ. ಅಮೆರಿಕದಲ್ಲಿ ಇಂಥ ಅಲರ್ಟ್ ಮೊದಲು ಬಂದದ್ದು ನಮ್ಮ ವಾಷಿಂಗ್ಟನ್ ರಾಜ್ಯದಲ್ಲೇ. 2022ರ ಮಾರ್ಚ್ 31ರಂದು ಆಗಿನ ಗವರ್ನರ್ ಜೇ ಇನ್ಸ್ಲೀ ಸಹಿ ಹಾಕಿದರು, ಜುಲೈ 1ರಿಂದ ಜಾರಿ. ಮಸೂದೆ ತಂದವರು ಡೆಬ್ರಾ ಲೆಕಾನಾಫ್, ಅವರೂ ಮೂಲನಿವಾಸಿ ಸಮುದಾಯದವರೇ. ನಡೆಸುವುದು ರಾಜ್ಯದ ಗಸ್ತು ಪೊಲೀಸರು: ಹೆದ್ದಾರಿ ಬೋರ್ಡು, ರೇಡಿಯೋ, ಸೋಷಿಯಲ್ ಮೀಡಿಯಾ, ಸುದ್ದಿಮನೆಗಳಿಗೆ ಮಾಹಿತಿ.

ಎರಡು ಪ್ರಶ್ನೆ. ಮಕ್ಕಳಿಗೆ ಆಂಬರ್ ಅಲರ್ಟ್, ಮರೆವಿನ ಕಾಯಿಲೆಯ ಹಿರಿಯರಿಗೆ ಸಿಲ್ವರ್ ಅಲರ್ಟ್ ಇರುವಾಗ ಇದು ಯಾಕೆ ಬೇಕಾಯಿತು? ಮತ್ತೆ, ಇದರಿಂದ ನಿಜಕ್ಕೂ ಯಾರಾದ್ರೂ ಸಿಗ್ತಾರಾ? ತಿಳಿದವರು ಬರೀರಿ. ಒಂದು ತಪ್ಪೊಪ್ಪಿಗೆ: ಎರಡು ವರ್ಷದ ಹಿಂದೆ ನಡುರಾತ್ರಿ ಮೂರಕ್ಕೆ ಆಂಬರ್ ಅಲರ್ಟ್ ಕಿರುಚಿ ಮಗು ಎದ್ದು ಅತ್ತಾಗ ಫೋನಿನಲ್ಲಿ ಅದನ್ನು ಆಫ್ ಮಾಡಿಬಿಟ್ಟೆ.

ನೇರಮಾತು (ಧಾರವಾಡ)

ಸಿಟ್ಟಾಗಬ್ಯಾಡ್ರಿ, ನೇರ ಕೇಳ್ತೀನಿ. ಮಗಳು ಕಾಣಿಸದಂಗಾದ್ರ ಯಾವ ತಾಯಿಗಾದ್ರೂ ಸಂಕಟ ಒಂದ. ಹಂಗಿದ್ದಾಗ ಬಿಳಿಯರಿಗೊಂದು, ಕರಿಯರಿಗೊಂದು, ಇವರಿಗೊಂದು ಅಂತ ಅಲರ್ಟ್ ಹಂಚಿಕೋತ ಹೋದ್ರ ಹೆಂಗ್ರೀ? ಎಲ್ಲಾರಿಗೂ ಒಂದ ಅಲರ್ಟ್ ಮಾಡ್ರಿ, ಛಲೋತ್ನಂಗ ನಡಸ್ರಿ. ಮುಗೀತು.

ಫೀನಿಕ್ಸ್_ನರ್ಸಮ್ಮ

@ನೇರಮಾತು ಅಣ್ಣ, ನೀವು ಹೇಳೋದು ಕೇಳೋಕೆ ಸರಿ ಅನಿಸುತ್ತೆ. ಆದ್ರೆ 'ಎಲ್ಲರಿಗೂ ಒಂದೇ' ಅಂತ ಇದ್ದ ಅಲರ್ಟ್ ಇವರ ಮಕ್ಕಳ ಹತ್ತಿರ ಬಂದಾಗ ಏನಾಯ್ತು ಅಂತ ಹೇಳ್ತೀನಿ. ನಾನು ಅರಿಜೋನಾದಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದೀನಿ, ನಮ್ಮಲ್ಲಿ ಬರುವವರಲ್ಲಿ ನವಾಹೋ, ಅಪಾಚೆ ಬುಡಕಟ್ಟಿನ ಜನ ಬಹಳ.

2016ರ ಮೇ ತಿಂಗಳು. ನ್ಯೂ ಮೆಕ್ಸಿಕೋದ ಶಿಪ್‌ರಾಕ್ ಹತ್ತಿರ, ನವಾಹೋ ನೆಲದಲ್ಲಿ, 11 ವರ್ಷದ ಹುಡುಗಿಯನ್ನ ಶಾಲೆ ಬಿಟ್ಟ ಮೇಲೆ ಒಬ್ಬ ವ್ಯಾನಿಗೆ ಹತ್ತಿಸಿಕೊಂಡು ಹೋದ. ಸಂಜೆಯೇ ಮನೆಯವರು ದೂರು ಕೊಟ್ರು. ಆಂಬರ್ ಅಲರ್ಟ್ ಹೊರಟಿದ್ದು ಮರುದಿನ ನಸುಕಿನಲ್ಲಿ. ಯಾಕೆಂದ್ರೆ ನವಾಹೋ ರಾಷ್ಟ್ರಕ್ಕೆ ತನ್ನದೇ ಅಲರ್ಟ್ ವ್ಯವಸ್ಥೆ ಇರಲಿಲ್ಲ, ರಾಜ್ಯದವರನ್ನ ಕೇಳಬೇಕಿತ್ತು, ಆ ರಾತ್ರಿ ಯಾರು ಯಾರನ್ನ ಕೇಳಬೇಕು ಅನ್ನೋದರಲ್ಲೇ ಗಂಟೆಗಳು ಹೋದವು. ಅವಳು ಶವವಾಗಿ ಸಿಕ್ಕಳು. ಆಮೇಲೆ ಅವಳ ತಾಯಿ ಓಡಾಡಿ 2018ರಲ್ಲಿ ಫೆಡರಲ್, ಅಂದ್ರೆ ಕೇಂದ್ರದ, ಕಾನೂನು ಮಾಡಿಸಿದ್ರು, ಬುಡಕಟ್ಟುಗಳಿಗೂ ಆಂಬರ್ ವ್ಯವಸ್ಥೆ ಮುಟ್ಟಬೇಕು ಅಂತ. ನವಾಹೋ ನೆಲ ಎಷ್ಟು ದೊಡ್ಡದು ಗೊತ್ತಾ? ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಮೂರು ರಾಜ್ಯಗಳಲ್ಲಿ ಹರಡಿಕೊಂಡಿದೆ.

ಇನ್ನೊಂದು ಇತ್ತೀಚಿನದು. 2025ರ ಜನವರಿ ಕೊನೆ, ನಮ್ಮ ಫೀನಿಕ್ಸ್ ಪಕ್ಕದ ಮೇಸಾ ಊರು. ಸ್ಯಾನ್ ಕಾರ್ಲೋಸ್ ಅಪಾಚೆ ಬುಡಕಟ್ಟಿನ 14 ವರ್ಷದ ಹುಡುಗಿ ತಾನಿದ್ದ ಮಕ್ಕಳ ಆಶ್ರಯಮನೆಯಿಂದ ಹೊರಗೆ ಹೋದಳು. ಕಾಗದದ ಮೇಲೆ 'ಓಡಿಹೋದವಳು' ಅಂತ ಬಿತ್ತು. ಓಡಿಹೋದವರಿಗೆ ಆಂಬರ್ ಅಲರ್ಟ್ ಇಲ್ಲ, ಅದಕ್ಕೆ ಅಪಹರಣ ಆಗಿದೆ ಅಂತ ನಂಬೋಕೆ ಆಧಾರ ಬೇಕು. ಫೆಬ್ರವರಿ 14ಕ್ಕೆ ಗ್ಲೋಬ್ ಊರಿನ ಹತ್ತಿರ ಕಾಡುದಾರಿ ಪಕ್ಕ ಅವಳ ದೇಹದ ಭಾಗಗಳು ಸಿಕ್ಕವು. ಆ ವಾರವೆಲ್ಲ ವಾರ್ಡಿನಲ್ಲಿ ಅಪಾಚೆ ಅಜ್ಜಿಯರು ಕೆಂಪು ಬಟ್ಟೆ ಹಾಕ್ಕೊಂಡು ಬರ್ತಿದ್ರು. ಮೇ ತಿಂಗಳಲ್ಲಿ ಗವರ್ನರ್ ಕೇಟಿ ಹಾಬ್ಸ್ 'ಟರ್ಕಾಯ್ಸ್ ಅಲರ್ಟ್' ಕಾನೂನಿಗೆ ಸಹಿ ಹಾಕಿದ್ರು. ಟರ್ಕಾಯ್ಸ್ ಅಂದ್ರೆ ಇಲ್ಲಿನವರು ಮೈಮೇಲೆ ಹಾಕೋ ಆ ಹಸಿರುನೀಲಿ ಹರಳು.

ಗಂಗಕ್ಕ (ನಿವೃತ್ತ ಶಿಕ್ಷಕಿ, ಹುಣಸೂರು ಕಡೆ)

ನರ್ಸಮ್ಮನವರು ಬರೆದ 'ಓಡಿಹೋದವಳು' ಎಂಬ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ನಾನು ಹಾಡಿಯ ಮಕ್ಕಳ ಆಶ್ರಮ ಶಾಲೆಯಲ್ಲಿದ್ದೆ. ಯುಗಾದಿ ರಜೆಗೆ ಹೋದ ಹುಡುಗಿ, ಜೇನುಕುರುಬರ ಮಗು, ತಿರುಗಿ ಬರಲಿಲ್ಲ. ಅಪ್ಪ ಅಮ್ಮ ಕೊಡಗಿನ ತೋಟದ ಲೈನ್‌ಮನೆಯಲ್ಲಿ ಕೂಲಿಗಿದ್ದರು. ಅವರು ಮಗಳು ಶಾಲೆಯಲ್ಲಿದ್ದಾಳೆ ಅಂದುಕೊಂಡಿದ್ದಾರೆ, ನಾವು ತೋಟದಲ್ಲಿದ್ದಾಳೆ ಅಂದುಕೊಂಡಿದ್ದೇವೆ. ಒಂದು ಠಾಣೆಗೆ ಹೋದರೆ "ಮಗು ಕಾಣೆಯಾದದ್ದು ತೋಟದ ಕಡೆ, ನಮ್ಮ ಸರಹದ್ದಲ್ಲ" ಅಂದರು. ಇನ್ನೊಂದರಲ್ಲಿ ಕೂತಿದ್ದವರು ತಲೆ ಎತ್ತದೇ "ಯಾರ ಜೊತೆಗೋ ಓಡಿಹೋಗಿರ್ತಾಳೆ ಮೇಡಂ, ನಾಲ್ಕು ದಿನ ನೋಡಿ, ಇವರದ್ದು ಹೀಗೇ" ಅಂದರು. ಹುಡುಗಿಗೆ ಹನ್ನೆರಡು ವರ್ಷ. ಏಳು ತಿಂಗಳ ಮೇಲೆ ಬೆಂಗಳೂರಿನ ಒಂದು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು ಅಂತ ತಿಳಿಯಿತು. ತಿಳಿದದ್ದು ಪೊಲೀಸರಿಂದಲ್ಲ, ತರಕಾರಿ ಗಾಡಿಯವನೊಬ್ಬ ನಮ್ಮೂರ ಕಡೆಯವನಿದ್ದ, ಅವನಿಂದ.

ಅಮೆರಿಕದ ವಿಷಯ ನನಗೆ ತಿಳಿಯದು. ಆ 'ಇವರದ್ದು ಹೀಗೇ' ಮಾತ್ರ ಚೆನ್ನಾಗಿ ಗೊತ್ತು.

ಕರಿಕೋಟು (ಮೈಸೂರು, ವಕೀಲ)

ಗಂಗಕ್ಕ, ನೀವು ಹೇಳಿದ ಸರಹದ್ದಿನ ಜಗಳವೇ ಅಲ್ಲಿ ನೂರ ನಲವತ್ತು ವರ್ಷದಿಂದ ಕಾನೂನಾಗಿ ಕೂತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ಅರ್ಥವಾಗದೇ ಅಲರ್ಟ್ ಅರ್ಥವಾಗುವುದಿಲ್ಲ.

ಅಮೆರಿಕದ 'ರಿಸರ್ವೇಶನ್' ಅಂದರೆ ನಮ್ಮ ಮೀಸಲಾತಿಯಲ್ಲ, ಬುಡಕಟ್ಟಿನ ಆಡಳಿತಕ್ಕೆ ಬಿಟ್ಟ ನೆಲ. ಅಲ್ಲಿ ಒಂದು ಅಪರಾಧವಾದರೆ ಮೂರು ಪ್ರಶ್ನೆ ಏಳುತ್ತದೆ: ನೆಲ ಯಾರದ್ದು, ಮಾಡಿದವನು ಬುಡಕಟ್ಟಿನವನೋ ಹೊರಗಿನವನೋ, ಅನುಭವಿಸಿದವಳು ಯಾರು. ಉತ್ತರಕ್ಕೆ ತಕ್ಕಂತೆ ಕೇಸು ಬುಡಕಟ್ಟಿನ ಪೊಲೀಸರದ್ದು, ಇಲ್ಲವೇ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಶೆರಿಫ್‌ನದ್ದು, ಇಲ್ಲವೇ ಎಫ್‌ಬಿಐನದ್ದು. 1885ರ ಕಾನೂನೊಂದು ಕೊಲೆಯಂಥ ದೊಡ್ಡ ಅಪರಾಧಗಳನ್ನು ಫೆಡರಲ್ ಕೈಗೆ ಕೊಟ್ಟಿತು. 1953ರ ಇನ್ನೊಂದು, ಕ್ಯಾಲಿಫೋರ್ನಿಯಾ ಸೇರಿ ಕೆಲವು ರಾಜ್ಯಗಳಲ್ಲಿ ಅದನ್ನು ರಾಜ್ಯದ ಪೊಲೀಸರಿಗೆ ದಾಟಿಸಿತು.

ಮೂರನೆಯದು ಮಳೆಹುಡುಗರ ಮನೆ ಹತ್ತಿರದ್ದೇ. ಸಿಯಾಟಲ್‌ನಿಂದ ಸಮುದ್ರದ ಕೊಲ್ಲಿ ದಾಟಿ ಆಚೆ ದಡಕ್ಕೆ ಹೋದರೆ ಸುಕ್ವಾಮಿಶ್ ಜನರ ರಿಸರ್ವೇಶನ್. 1973ರಲ್ಲಿ ಅಲ್ಲಿ 'ಚೀಫ್ ಸಿಯಾಟಲ್ ಡೇಸ್' ಜಾತ್ರೆ ನಡೆಯುತ್ತಿದ್ದಾಗ ಹೊರಗಿನವನೊಬ್ಬ ಬುಡಕಟ್ಟಿನ ಪೊಲೀಸನ ಮೇಲೆ ಕೈ ಮಾಡಿದ. ಬುಡಕಟ್ಟಿನವರು ಹಿಡಿದು ಕೇಸು ಹಾಕಿದರು. ಅದು ಸುಪ್ರೀಂ ಕೋರ್ಟಿಗೆ ಹೋಗಿ 1978ರಲ್ಲಿ 'ಆಲಿಫಂಟ್' ತೀರ್ಪು ಬಂತು: ಬುಡಕಟ್ಟಿನ ಕೋರ್ಟು ಹೊರಗಿನವರನ್ನು ಕ್ರಿಮಿನಲ್ ವಿಚಾರಣೆ ಮಾಡುವಂತಿಲ್ಲ. 2013 ಮತ್ತು 2022ರಲ್ಲಿ ಮಹಿಳಾ ದೌರ್ಜನ್ಯ ತಡೆ ಕಾನೂನಿಗೆ ತಿದ್ದುಪಡಿ ತಂದು ಆ ಅಧಿಕಾರದ ಒಂದಷ್ಟು ತುಂಡನ್ನು ವಾಪಸ್ ಕೊಟ್ಟಿದ್ದಾರೆ.

ಈಗ ಯೋಚಿಸಿ. ಒಬ್ಬಳು ಕಾಣೆಯಾಗಿದ್ದಾಳೆ. ಎಲ್ಲಿಂದ ಕಾಣೆಯಾದಳು ಗೊತ್ತಿಲ್ಲ, ಯಾರು ಕರೆದೊಯ್ದರು ಗೊತ್ತಿಲ್ಲ, ಅಪರಾಧ ಆಗಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಮೂರು ಪ್ರಶ್ನೆಗೂ ಉತ್ತರವಿಲ್ಲದ ಹೊತ್ತಿನಲ್ಲಿ ಕೇಸು ಯಾರದ್ದು? ಯಾರದ್ದೂ ಅಲ್ಲ.

ನಮ್ಮಲ್ಲಿ ಝೀರೋ ಎಫ್‌ಐಆರ್ ಅಂತ ಇದೆ. ಯಾವ ಠಾಣೆಯಲ್ಲಾದರೂ ಬರೆಸಿಕೊಳ್ಳಬೇಕು, ಸರಹದ್ದು ಆಮೇಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಅದು ಸೇರಿದೆ. ಮಕ್ಕಳ ವಿಷಯದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್, ಕಾಣೆಯಾದ ಮಗುವಿನ ದೂರನ್ನು ಅಪಹರಣವೆಂದೇ ಭಾವಿಸಿ ಎಫ್‌ಐಆರ್ ಹಾಕಿ ಅಂದಿದೆ. ಗಂಗಕ್ಕನ ಹುಡುಗಿಗೆ ಇದು ತಡವಾಗಿ ಬಂತು. ಠಾಣೆಯಲ್ಲಿ ಕೂತವರು ಪಾಲಿಸುತ್ತಾರಾ ಎಂಬುದು ಬೇರೆ ಥ್ರೆಡ್ಡಿಗೆ ಬಿಡೋಣ.

ನೇರಮಾತು (ಧಾರವಾಡ)

ವಕೀಲ್ರ, ತಿಳೀತು. ಆದರ ಅದು ಪೊಲೀಸರ ಸರಹದ್ದಿನ ರೋಗ. ಬೋರ್ಡಿನ್ಯಾಗ ಲೈಟ್ ಹಾಕಿದ್ರ ರೋಗ ಹೋಗತೈತೇನು?

ಕರಿಕೋಟು (ಮೈಸೂರು, ವಕೀಲ)

ಹೋಗಲ್ಲ. ಒಪ್ಪಿದೆ.

ಟವರ್_ಶೆಟ್ಟಿ (ಬೆಂಗಳೂರು)

ಮಾರಾಯ್ರೆ, ನಾನು ಟೆಲಿಕಾಂ ಮನುಷ್ಯ, ಯಂತ್ರದ ಕಡೆಯಿಂದ ಹೇಳುತ್ತೇನೆ. ಜನ ಎರಡು ಬೇರೆ ಬೇರೆ ಸಂಗತಿಯನ್ನು ಕಲಸುತ್ತಾ ಇದ್ದಾರೆ.

2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಲ್ಲರ ಫೋನೂ ಒಮ್ಮೆಲೇ ಬೊಬ್ಬೆ ಹಾಕಿದ್ದು ನೆನಪುಂಟಾ? ಬಾಂಬೋ ಏನೋ ಅಂತ ನಮ್ಮ ಅತ್ತೆ ಫೋನನ್ನು ಅಕ್ಕಿ ಡಬ್ಬಿಯ ಒಳಗೆ ಹಾಕಿದ್ದರು. ಅದು ದೂರಸಂಪರ್ಕ ಇಲಾಖೆಯ ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಎಸ್‌ಎಂಎಸ್ ಅಲ್ಲ. ಎಸ್‌ಎಂಎಸ್ ಒಂದೊಂದು ನಂಬರಿಗೆ ಹೋಗುತ್ತದೆ, ಜನಸಂದಣಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇದು ದೇವಸ್ಥಾನದ ಮೈಕಿನ ಹಾಗೆ, ಆ ಟವರಿನ ಕೆಳಗೆ ಯಾರಿದ್ದಾರೋ ಎಲ್ಲರಿಗೂ ಕೇಳುತ್ತದೆ. ಯಾರ ನಂಬರೂ ಬೇಕಿಲ್ಲ, ಡೇಟಾ ಪ್ಯಾಕೂ ಬೇಕಿಲ್ಲ. ಅಮೆರಿಕದ ಆಂಬರ್ ಅಲರ್ಟ್ ಫೋನಿಗೆ ಬರುವುದು ಇದೇ ದಾರಿಯಲ್ಲಿ.

ಆದರೆ ಮಳೆಹುಡುಗರು ನೋಡಿದ ಅಲರ್ಟ್ ಈ ದಾರಿಯದ್ದಲ್ಲ, ಬೋರ್ಡು-ರೇಡಿಯೋ ದಾರಿಯದ್ದು. ಮೈಕು ಕೈಗೆ ಬೇಕಾದರೆ ಅದಕ್ಕೊಂದು ಕೋಡ್ ಬೇಕು. ಸುಂಟರಗಾಳಿಗೊಂದು, ಅಪಹೃತ ಮಗುವಿಗೊಂದು ಹೀಗೆ ಮೂರಕ್ಷರದ ಕೋಡುಗಳುಂಟು. ಕಾಣೆಯಾದ ದೊಡ್ಡವರಿಗೆ ಇರಲೇ ಇಲ್ಲ. 2024ರ ಆಗಸ್ಟಿನಲ್ಲಿ ಅಮೆರಿಕದ ಸಂಪರ್ಕ ಆಯೋಗ, ಎಫ್‌ಸಿಸಿ, 'ಎಂಇಪಿ' ಎಂಬ ಹೊಸ ಕೋಡ್ ಮಾಡಿತು, ಕಾಣೆಯಾಗಿ ಅಪಾಯದಲ್ಲಿರುವವರು ಅಂತ ಅದರ ಅರ್ಥ. ಹದಿನೆಂಟು ದಾಟಿದವರು, ಆಂಬರ್ ನಿಯಮಕ್ಕೆ ಹೊಂದದವರು, ಎಲ್ಲರೂ ಇದರ ಒಳಗೆ. ಟಿವಿ, ರೇಡಿಯೋ, ಫೋನು ಮೂರಕ್ಕೂ. ಇದಕ್ಕಾಗಿ ಹಿಂದೆ ಬಿದ್ದವರು ಮೂಲನಿವಾಸಿಗಳ ರೇಡಿಯೋ ಕೇಂದ್ರಗಳವರು, ನೇಟಿವ್ ಪಬ್ಲಿಕ್ ಮೀಡಿಯಾ ಎಂಬ ಸಂಸ್ಥೆ.

ನೇರಮಾತು (ಧಾರವಾಡ)

ಅಂದ್ರ ಕಡೀಕ ಎಲ್ಲಾರಿಗೂ ಒಂದ ಕೋಡ್ ಆತು! ನಾ ಮೊದಲ ಹೇಳಿದ್ದು ಇದನ್ನ ಅಲ್ಲೇನ್ರೀ?

ಟವರ್_ಶೆಟ್ಟಿ (ಬೆಂಗಳೂರು)

ಹೌದು ಮಾರಾಯ್ರೆ, ಗೆದ್ದಿರಿ. ಆದರೆ ಆ ಕೋಡ್ ಹುಟ್ಟಿದ್ದು ಅವರು ಕೂಗಿದ್ದರಿಂದ, ಅದನ್ನು ಮರೆಯಬೇಡಿ. ಮತ್ತೆ ಕೋಡ್ ಇದ್ದರೆ ಸಾಲದು. ಟವರ್ ಇಲ್ಲದ ಜಾಗದಲ್ಲಿ ಮೈಕೂ ಇಲ್ಲ. ನರ್ಸಮ್ಮ ಹೇಳಿದ ನವಾಹೋ ನೆಲದಲ್ಲಿ ಸಿಗ್ನಲ್ ಸಿಗದ ಮೈಲುಗಟ್ಟಲೆ ರಸ್ತೆ ಉಂಟು.

ಪರ್ಣಕುಟೀರ (ಸ್ಯಾನ್ ಹೋಸೆ)

ನಮ್ಮ ಕ್ಯಾಲಿಫೋರ್ನಿಯಾದ ಕಥೆ ಕೇಳಿ, ಗುಂಡಿ ಒತ್ತುವವರು ಯಾರು ಅನ್ನೋದು ಎಷ್ಟು ಮುಖ್ಯ ಅಂತ ಗೊತ್ತಾಗುತ್ತೆ. ಇಲ್ಲಿ ಇದರ ಹೆಸರು 'ಫೆದರ್ ಅಲರ್ಟ್', ಅಂದ್ರೆ ಗರಿ. ತಂದವರು ಜೇಮ್ಸ್ ರಾಮೋಸ್, ಈ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಮೊದಲ ಕ್ಯಾಲಿಫೋರ್ನಿಯಾ ಮೂಲನಿವಾಸಿ. 2023ರ ಜನವರಿ 1ರಿಂದ ಜಾರಿ. ಎಲ್ಲರೂ ಚಪ್ಪಾಳೆ ಹೊಡೆದ್ರು. ಆದ್ರೆ ಕಾನೂನಿನ ಪ್ರಕಾರ ಬುಡಕಟ್ಟಿನವರು ನೇರವಾಗಿ ಕೇಳೋ ಹಾಗಿರಲಿಲ್ಲ. ಮೊದಲು ಸ್ಥಳೀಯ ಪೊಲೀಸರಿಗೆ ಹೇಳಬೇಕು, ಅವರು ಒಪ್ಪಿದ್ರೆ ಹೈವೇ ಪಟ್ರೋಲ್‌ಗೆ, ಅಂದ್ರೆ ರಾಜ್ಯದ ಹೆದ್ದಾರಿ ಪೊಲೀಸರಿಗೆ ಬರೀತಾರೆ, ಅವರು ಒಪ್ಪಿದ್ರೆ ಅಲರ್ಟ್. ಮೊದಲ ವರ್ಷವೇ ಬಂದಿದ್ದ ಕೋರಿಕೆಗಳಲ್ಲಿ ಕೆಲವು ತಿರಸ್ಕೃತವಾದವು. ಗರಿ ಸರಿಯಾಗಿ ಹಾರಲೇ ಇಲ್ಲ.

ರಾಮೋಸ್ ಮತ್ತೆ ಮಸೂದೆ ತಂದರು. 2024ರ ತಿದ್ದುಪಡಿ ಪ್ರಕಾರ ಬುಡಕಟ್ಟೇ ನೇರ ಹೈವೇ ಪಟ್ರೋಲ್ ಬಾಗಿಲು ತಟ್ಟಬಹುದು, 48 ಗಂಟೆಯೊಳಗೆ ಉತ್ತರ ಕೊಡಬೇಕು, ಇಲ್ಲ ಅಂದ್ರೆ ಯಾಕೆ ಇಲ್ಲ ಅಂತ ಹೇಳಬೇಕು. ನಂಗೆ ಕೇಳಿದ್ರೆ 48 ಗಂಟೆಯೂ ಜಾಸ್ತಿಯೇ. ಕಾರಿನಲ್ಲಿ ಕೂರಿಸಿಕೊಂಡು ಹೋದವನಿಗೆ 48 ಗಂಟೆಯಲ್ಲಿ ನಾಲ್ಕು ರಾಜ್ಯ ದಾಟಬಹುದು.

ವಿನ್ನಿಪೆಗ್_ಚಳಿ (ವಿದ್ಯಾರ್ಥಿನಿ)

ಕೆನಡಾ ಬಗ್ಗೆ ಯಾರೂ ಹೇಳಲಿಲ್ಲ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಮೇ ತಿಂಗಳಲ್ಲಿ ಮರಗಳ ಮೇಲೆಲ್ಲ ಕೆಂಪು ಗೌನುಗಳು ನೇತಾಡ್ತಿದ್ದವು. ಯಾರೋ ಒಗೆದು ಒಣಹಾಕಿದ್ದಾರೆ ಅಂದ್ಕೊಂಡೆ, ಈ ಚಳಿಯಲ್ಲಿ ಯಾಕೆ ಹೊರಗೆ ಅಂತ ನಕ್ಕೆ ಕೂಡ. ಆಮೇಲೆ ರೂಮ್‌ಮೇಟ್ ಹೇಳಿದಳು, ಒಂದೊಂದು ಖಾಲಿ ಬಟ್ಟೆಯೂ ವಾಪಸ್ ಬಾರದ ಒಬ್ಬಳ ಲೆಕ್ಕ. ಜೇಮೀ ಬ್ಲ್ಯಾಕ್ ಎಂಬ ಮೇಟಿ (ಇಲ್ಲಿನ ಒಂದು ಮೂಲನಿವಾಸಿ ಸಮುದಾಯ) ಕಲಾವಿದೆ 2010ರಲ್ಲಿ ಶುರುಮಾಡಿದ್ದಂತೆ, ಈಗ ಮೇ 5 ಅಂದ್ರೆ ಕೆಂಪು ಉಡುಪಿನ ದಿನ. ಇವತ್ತಿಗೂ ಆ ನಗು ನೆನಪಾದ್ರೆ ನಾಚಿಕೆ ಆಗುತ್ತೆ.

ಕೆನಡಾದ ಪೊಲೀಸರೇ 2014ರಲ್ಲಿ ಕೊಟ್ಟ ಲೆಕ್ಕ: 1980ರಿಂದ 2012ರವರೆಗೆ ಕೊಲೆಯಾದ, ಕಾಣೆಯಾದ ಮೂಲನಿವಾಸಿ ಹೆಂಗಸರು 1,181. ರಾಷ್ಟ್ರೀಯ ವಿಚಾರಣಾ ಆಯೋಗ 2019ರ ಜೂನ್‌ನಲ್ಲಿ ವರದಿ ಕೊಟ್ಟು 231 ಬೇಡಿಕೆ ಮುಂದಿಟ್ಟಿತು. ಇಲ್ಲಿನ ಸಂಸದೆ ಲಿಯಾ ಗಜಾನ್ 'ರೆಡ್ ಡ್ರೆಸ್ ಅಲರ್ಟ್' ಬೇಕು ಅಂತ ಬೆನ್ನು ಬಿಡದೆ ಕೇಳಿದ್ರು, 2024ರ ಮೇಯಲ್ಲಿ ನಮ್ಮ ಮ್ಯಾನಿಟೋಬಾದಲ್ಲಿ ಪ್ರಾಯೋಗಿಕವಾಗಿ ಮಾಡ್ತೀವಿ ಅಂತ ಘೋಷಣೆ ಆಯ್ತು. ಅದನ್ನ ಪೊಲೀಸರು ಒಬ್ಬರೇ ರೂಪಿಸೋದಲ್ಲ, ಮೂಲನಿವಾಸಿ ಹೆಂಗಸರ ಗುಂಪುಗಳು ಮುಂದೆ ನಿಂತು ಮಾಡ್ತಿರೋದು.

ಈ ಊರಲ್ಲಿ ಯಾಕೆ ಅಷ್ಟು ಬಿಸಿ ಅಂದ್ರೆ, 2022ರಲ್ಲಿ ಇಬ್ಬರು ಹೆಂಗಸರ ಶವ ಊರಾಚೆಯ ಪ್ರೇರಿ ಗ್ರೀನ್ ಕಸದ ಗುಡ್ಡೆಯಲ್ಲಿದೆ ಅಂತ ಪೊಲೀಸರಿಗೆ ಗೊತ್ತಾಯ್ತು, ಆದ್ರೆ ಹುಡುಕೋದು ಅಪಾಯ, ಆಗಲ್ಲ ಅಂದ್ರು. ಹೆಣ್ಣುಮಕ್ಕಳು ಅಮ್ಮನಿಗಾಗಿ ಬೀದಿಯಲ್ಲಿ ಕೂತರು. 2023ರ ಚುನಾವಣೆಯಲ್ಲಿ ಇದೇ ವಿಷಯ ಆಯ್ತು, ಮ್ಯಾನಿಟೋಬಾದಲ್ಲಿ ವಾಬ್ ಕಿನ್ಯೂ ಸರ್ಕಾರ ಬಂತು, ಹುಡುಕಿಸಿದ್ರು. 2025ರಲ್ಲಿ ಇಬ್ಬರೂ ಸಿಕ್ಕರು. ಮೊದಲು 'ಆಗಲ್ಲ' ಅಂದಿದ್ದ ಕೆಲಸ.

ಫೀನಿಕ್ಸ್_ನರ್ಸಮ್ಮ

ನಾನೇ ಒಂದು ವಿರುದ್ಧ ಮಾತು ಹೇಳಬೇಕು. ದೊಡ್ಡವರ ಅಲರ್ಟ್‌ನಲ್ಲಿ ಒಂದು ಮುಳ್ಳಿದೆ. ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬರುವವಳೂ ಮನೆಯವರ ಪಾಲಿಗೆ 'ಕಾಣೆ'ಯೇ. ಅವಳ ಮುಖ, ಕಾರು ನಂಬರು ಹೆದ್ದಾರಿ ಮೇಲೆ ಬಂದ್ರೆ ಹುಡುಕುತ್ತಿರೋ ಗಂಡನಿಗೆ ನಾವೇ ದಾರಿ ತೋರಿಸಿದ ಹಾಗೆ. ತುರ್ತು ವಾರ್ಡಿಗೆ ಬಂದವರು "ನಾನಿಲ್ಲಿದ್ದೀನಿ ಅಂತ ಯಾರಿಗೂ ಹೇಳಬೇಡಿ" ಅಂತ ಕೈ ಹಿಡಿದುಕೊಂಡಿದ್ದು ಎಷ್ಟು ಸಲವೋ. ಅದಕ್ಕೇ ವಾಷಿಂಗ್ಟನ್ ಕಾನೂನಿನಲ್ಲಿ ಕಾಣೆಯಾದರೆ ಸಾಲದು, ಅಪಾಯ ಇದೆ ಅನ್ನೋಕೆ ಕಾರಣ ಇರಬೇಕು: ವಯಸ್ಸು, ಕಾಯಿಲೆ, ಹವಾಮಾನ, ಅಪಾಯಕಾರಿ ಮನುಷ್ಯನ ಜೊತೆಗಿರೋದು, ಹೀಗೆ.

ಆದ್ರೆ ಆ 'ಕಾರಣ ಇದೆಯಾ' ಅಂತ ತೀರ್ಮಾನಿಸೋರು ಯಾರು? ಮತ್ತೆ ಗಂಗಕ್ಕನ ಠಾಣೆಗೇ ಬಂದು ನಿಂತೆವು.

ನಿರ್ವಾಹಕ

ಒಂದು ವಿನಂತಿ. ಈಚೆಗೆ ಕಾಣೆಯಾದವರ ಫೋಟೋ ಇರುವ ಎರಡು ಪೋಸ್ಟ್ ತೆಗೆದಿದ್ದೇವೆ. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಅವರಲ್ಲಿ ಒಬ್ಬರು ಆಗಲೇ ಸಿಕ್ಕಿ ಮನೆ ಸೇರಿದ್ದರು. ವಾಟ್ಸಾಪ್‌ನಲ್ಲಿ ಇಂಥವು ವರ್ಷಗಟ್ಟಲೆ ಸುತ್ತುತ್ತವೆ. ಪೊಲೀಸರ ಪುಟದ ಲಿಂಕ್ ಮಾತ್ರ ಹಾಕಿ, ಸಿಕ್ಕ ಮೇಲೆ ನೀವೇ ಅಳಿಸಿ. ಚರ್ಚೆ ಮುಂದುವರಿಯಲಿ.

ಕರಿಕೋಟು (ಮೈಸೂರು, ವಕೀಲ)

ಮಳೆಹುಡುಗರ ಮಗಳ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅದು ಚಿಕ್ಕ ಪ್ರಶ್ನೆಯಲ್ಲ. ಸಿಯಾಟಲ್‌ನಲ್ಲೇ ಇರುವ ಅರ್ಬನ್ ಇಂಡಿಯನ್ ಹೆಲ್ತ್ ಇನ್‌ಸ್ಟಿಟ್ಯೂಟ್ 2018ರ ತನ್ನ ವರದಿಗಾಗಿ 71 ನಗರಗಳ ಪೊಲೀಸರಿಂದ ಮೂಲನಿವಾಸಿ ಹೆಂಗಸರು, ಹುಡುಗಿಯರ ಕಾಣೆ, ಕೊಲೆ ದಾಖಲೆ ಕೇಳಿತು. 506 ಪ್ರಕರಣ ಸಿಕ್ಕವು. ಒಂದೇ ನಗರದಲ್ಲಿ ಅತಿ ಹೆಚ್ಚು ಯಾವುದು ಅಂದರೆ ಸಿಯಾಟಲ್: 45. ಲೆಕ್ಕ ಅಷ್ಟೇ ಇರಲಾರದು ಅಂತ ಆ ಸಂಸ್ಥೆಯೇ ಹೇಳುತ್ತದೆ, ಯಾಕೆಂದರೆ ಠಾಣೆಯ ಫಾರ್ಮಿನಲ್ಲಿ ಇವರನ್ನು ಬಿಳಿಯರು, ಹಿಸ್ಪಾನಿಕ್, ಇನ್ನೇನೋ ಅಂತ ಬರೆದಿರುತ್ತಾರೆ. 'ಇಂಡಿಯನ್' ಅಂದರೆ ನಮ್ಮಂಥವರ ಜೊತೆ ಸೇರಿಸಿದ್ದೂ ಉಂಟು. ಅದೇ ವರದಿಯ ಇನ್ನೊಂದು ಅಂಕಿ: 2016ರಲ್ಲಿ ಕಾಣೆಯಾದ ಮೂಲನಿವಾಸಿ ಹೆಂಗಸರು, ಹುಡುಗಿಯರ ದೂರು 5,712. ಅಮೆರಿಕ ಸರ್ಕಾರದ ನ್ಯಾಯ ಇಲಾಖೆಯ ಕಾಣೆಯಾದವರ ಪಟ್ಟಿಯಲ್ಲಿ ಇದ್ದದ್ದು 116.

ನೇರಮಾತು (ಧಾರವಾಡ)

5,712ಕ್ಕ 116?

ಕರಿಕೋಟು (ಮೈಸೂರು, ವಕೀಲ)

ಹೌದು.

ನೇರಮಾತು (ಧಾರವಾಡ)

ಹಂಗಾರ ಬೋರ್ಡಿನ್ಯಾಗ 'ಮೂಲನಿವಾಸಿ' ಅಂತ ಹೆಸರ ಬರೀಲೇಬೇಕಾಗತೈತಿ. ಇಲ್ಲಂದ್ರ ಲೆಕ್ಕಕ್ಕ ಬರೂದಿಲ್ಲ. ಇಷ್ಟು ನಾ ಒಪ್ಪಿದೆ. ಬಾಕಿದ್ದು ಇನ್ನೂ ವಿಚಾರ ಮಾಡ್ತೀನಿ.

ಗಂಗಕ್ಕ (ನಿವೃತ್ತ ಶಿಕ್ಷಕಿ, ಹುಣಸೂರು ಕಡೆ)

ಶೆಟ್ಟರೇ, ಒಂದು ಕೇಳಲೇ? ನಮ್ಮಲ್ಲೂ ಆ ಮೈಕು ಬಂದಿದೆಯಲ್ಲ. ನಾಳೆ ಹಾಡಿಯ ಮಗುವೊಂದು ಕಾಣೆಯಾದರೆ ಆ ತಾಲ್ಲೂಕಿನ ಟವರುಗಳ ಕೆಳಗೆ ಇರುವವರಿಗೆಲ್ಲ ಕೂಗಲು ಬರುತ್ತದೆಯೇ?

ಟವರ್_ಶೆಟ್ಟಿ (ಬೆಂಗಳೂರು)

ಯಂತ್ರಕ್ಕೆ ಬರುತ್ತದೆ ಗಂಗಕ್ಕ. ಒಂದು ತಾಲ್ಲೂಕನ್ನು ಮಾತ್ರ ಆರಿಸಿ ಕೂಗಬಹುದು, ಕನ್ನಡದಲ್ಲೇ ಕೂಗಬಹುದು. ಅದನ್ನು ಕಟ್ಟಿದ್ದು ಚಂಡಮಾರುತ, ನೆರೆ, ಸಿಡಿಲಿನಂಥ ವಿಪತ್ತಿಗೆ.

ಮಳೆಹುಡುಗ (ಸಿಯಾಟಲ್ ಹತ್ತಿರ)

ಎಲ್ಲವನ್ನೂ ಎರಡು ಸಲ ಓದಿದೆ. ಆ ಬೋರ್ಡಿನಲ್ಲಿದ್ದ ಕಾರಿನ ನಂಬರು ನಂಗೆ ನೆನಪಿಲ್ಲ. ಬಣ್ಣವೂ ಬೂದಿಯೋ ಬೆಳ್ಳಿಯೋ ಅನುಮಾನ. ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಓದಿದ್ದು ಅಷ್ಟೇ. ಮಗಳಿಗೆ ಮಾತ್ರ ಮೊದಲ ಮೂರು ಅಕ್ಷರ ನೆನಪಿತ್ತು, ಮನೆ ತಲುಪೋವರೆಗೂ ಪಕ್ಕದಲ್ಲಿ ಹೋಗೋ ಕಾರುಗಳನ್ನೆಲ್ಲ ನೋಡ್ತಿದ್ದಳು.

ಶೆಟ್ರೇ, ಐಫೋನಿನಲ್ಲಿ ಆ ಅಲರ್ಟ್ ಮತ್ತೆ ಆನ್ ಮಾಡೋದು ಎಲ್ಲಿ?

ಟವರ್_ಶೆಟ್ಟಿ (ಬೆಂಗಳೂರು)

ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ತೀರಾ ಕೆಳಗೆ ಹೋಗಿ. 'ಗವರ್ನಮೆಂಟ್ ಅಲರ್ಟ್ಸ್' ಅಂತ ಉಂಟು.

ಮಳೆಹುಡುಗ (ಸಿಯಾಟಲ್ ಹತ್ತಿರ)

ಸಿಕ್ತು, ಆನ್ ಮಾಡಿದೆ. ಹೆಂಡತಿ ಫೋನಿನಲ್ಲೂ ಆಫ್ ಇತ್ತು.